ಒಂದರಿಂದ ಆಗದು, ಜೊತೆ ಬೇಕು

ಕೇಳುಗರಿಗೆ ನಮಸ್ಕಾರ. ಕ್ಯಾನ್ಸರ್ ಮತ್ತು ರೋಗನಿರೋಧಕ ಶಕ್ತಿಯ ಬಗ್ಗೆ ಮಾತಾಡಿ ಎಂದು ನನ್ನನ್ನು ಕರೆದಿದ್ದಾರೆ. ಹೋದಲ್ಲೆಲ್ಲ ನನಗೆ ಎದುರಾಗುವುದು ಒಂದೇ ಪ್ರಶ್ನೆ: "ಡಾಕ್ಟ್ರೇ, ಆ ಶಕ್ತಿ ಹೆಚ್ಚಾಗೋಕೆ ಏನು ತಗೋಬೇಕು?" ಏನೋ ಒಂದು ತಗೊಂಡರೆ ಆಗುವ ಕೆಲಸವೇ ಅದು? ಒಂದರಿಂದ ಆಗುವುದಿಲ್ಲ, ಜೊತೆ ಬೇಕು. ಇವತ್ತು ನೀವು ಇಷ್ಟು ನೆನಪಿಟ್ಟುಕೊಂಡರೆ ಸಾಕು.

ನಮ್ಮ ಬಿಳಿ ರಕ್ತಕಣಗಳು ತಮ್ಮತಮ್ಮಲ್ಲೇ ಸುದ್ದಿ ಮುಟ್ಟಿಸಲು ಸಣ್ಣ ಸಣ್ಣ ಪ್ರೋಟೀನುಗಳನ್ನು ಹೊರಬಿಡುತ್ತವೆ. ಅವಕ್ಕೆ ಸೈಟೊಕೈನ್ ಎನ್ನುತ್ತಾರೆ. ಇಂಟರ್‌ಫೆರಾನ್, ಇಂಟರ್‌ಲ್ಯೂಕಿನ್ ಎಲ್ಲ ಇದೇ ಬಳಗ. ಒಂದು "ಇಲ್ಲಿಗೆ ಬನ್ನಿ" ಅನ್ನುತ್ತದೆ, ಇನ್ನೊಂದು "ಸಂಖ್ಯೆ ಹೆಚ್ಚಿಸಿ" ಅನ್ನುತ್ತದೆ, ಮತ್ತೊಂದು "ಹೊಡೆಯಿರಿ" ಅನ್ನುತ್ತದೆ.

ಈಗ ನನಗೆ ಬಹಳ ಇಷ್ಟವಾದ ಒಂದು ಪ್ರಯೋಗದ ಕಥೆ. 1975. ನ್ಯೂಯಾರ್ಕಿನ ಸ್ಲೋನ್ ಕೆಟರಿಂಗ್ ಸಂಸ್ಥೆ. ಎಲಿಜಬೆತ್ ಕಾರ್ಸ್‌ವೆಲ್, ಲಾಯ್ಡ್ ಓಲ್ಡ್ ಮತ್ತವರ ಸಂಗಡಿಗರು ಇಲಿಗಳಿಗೆ ಮೊದಲು ಬಿಸಿಜಿ ಕೊಟ್ಟರು. ಹೌದು, ಕ್ಷಯ ಬಾರದಿರಲಿ ಎಂದು ಮಕ್ಕಳಿಗೆ ಹಾಕಿಸುತ್ತೇವಲ್ಲ, ಅದೇ ಬಿಸಿಜಿ. ಎರಡು ಮೂರು ವಾರ ಬಿಟ್ಟು ಅದೇ ಇಲಿಗಳಿಗೆ ಎಂಡೋಟಾಕ್ಸಿನ್ ಚುಚ್ಚಿದರು. ಅದು ಕೆಲವು ಬಗೆಯ ಬ್ಯಾಕ್ಟೀರಿಯಾಗಳ ಹೊರಪೊರೆಯಲ್ಲಿರುವ ವಿಷ. ಎರಡು ಗಂಟೆ ಕಾದು ರಕ್ತ ತೆಗೆದು, ಅದರ ತಿಳಿಯನ್ನು ಮಾತ್ರ ಬೇರ್ಪಡಿಸಿದರು. ಆ ತಿಳಿಯನ್ನು ಚರ್ಮದಲ್ಲಿ ಗಡ್ಡೆ ಬೆಳೆದಿದ್ದ ಬೇರೆ ಇಲಿಗಳಿಗೆ ಕೊಟ್ಟರು. ಮಾರನೆಯ ದಿನ ನೋಡಿದರೆ ಗಡ್ಡೆಯ ನಡುಭಾಗ ರಕ್ತಗಟ್ಟಿ ಕಪ್ಪಾಗಿತ್ತು. ಅಲ್ಲಿನ ಜೀವಕೋಶಗಳು ಸತ್ತಿದ್ದವು!

ಇಲ್ಲಿ ಸ್ವಲ್ಪ ಕಿವಿಗೊಡಿ. ಬರೀ ಬಿಸಿಜಿ ಕೊಟ್ಟ ಇಲಿಯ ರಕ್ತದಲ್ಲಿ ಆ ಗುಣ ಇರಲಿಲ್ಲ. ಬರೀ ಎಂಡೋಟಾಕ್ಸಿನ್ ಕೊಟ್ಟ ಇಲಿಯ ರಕ್ತದಲ್ಲೂ ಇರಲಿಲ್ಲ. ಎರಡೂ ಬಿದ್ದ ಇಲಿಯಲ್ಲಿ ಮಾತ್ರ ಇತ್ತು. ಆ ರಕ್ತದಲ್ಲಿದ್ದ ಪ್ರೋಟೀನಿಗೆ ಟ್ಯೂಮರ್ ನೆಕ್ರೋಸಿಸ್ ಫ್ಯಾಕ್ಟರ್, ಚಿಕ್ಕದಾಗಿ ಟಿಎನ್‌ಎಫ್ ಎಂದು ಹೆಸರಿಟ್ಟರು. ಅದೂ ಒಂದು ಸೈಟೊಕೈನೇ.

ಮುಂದೆ ನಡೆದದ್ದು ನೆನೆದರೆ ನನಗೆ ಈಗಲೂ ಸಿಟ್ಟು ಬರುತ್ತದೆ. ಜೋಡಿಯಿಂದ ಹುಟ್ಟಿದ ಪ್ರೋಟೀನನ್ನು ಹಿಡಿದು, 1980ರ ದಶಕದಲ್ಲಿ ಶುದ್ಧವಾಗಿ ತಯಾರಿಸಿ, ಅದೊಂದನ್ನೇ ರೋಗಿಗಳ ರಕ್ತಕ್ಕೆ ಬಿಟ್ಟರು. ಜ್ವರ, ನಡುಕ, ರಕ್ತದೊತ್ತಡ ಕುಸಿತ. ಗಡ್ಡೆ ಮಾತ್ರ ಹೆಚ್ಚುಕಡಿಮೆ ಇದ್ದ ಹಾಗೇ ಇತ್ತು. ಅಲ್ಲ ಸ್ವಾಮಿ, ಇಲಿ ಅಷ್ಟು ಸ್ಪಷ್ಟವಾಗಿ ಹೇಳಿತ್ತಲ್ಲ!

ಅದನ್ನು ಕೇಳಿಸಿಕೊಂಡವರೂ ಇದ್ದರು ಅನ್ನಿ. 1986ರಲ್ಲಿ ಬೆಲ್ಜಿಯಂನ ಗೆಂಟ್ ನಗರದ ವಾಲ್ಟರ್ ಫಿಯರ್ಸ್ ತಂಡ, ಚರ್ಮದ ಕ್ಯಾನ್ಸರ್ ಇದ್ದ ಇಲಿಗಳಿಗೆ ಟಿಎನ್‌ಎಫ್ ಜೊತೆ ಗಾಮಾ ಇಂಟರ್‌ಫೆರಾನನ್ನೂ ಕೊಟ್ಟು ನೋಡಿತು. ಜೋಡಿ ಮಾಡಿದ ಕೆಲಸ ಒಂಟಿಯಿಂದ ಆಗಿರಲಿಲ್ಲ. ಒಂದು ಕಾರಣ ಇದು: ಗಾಮಾ ಇಂಟರ್‌ಫೆರಾನ್ ತಾಗಿದ ಜೀವಕೋಶದ ಮೈಮೇಲೆ ಟಿಎನ್‌ಎಫ್ ಬಂದು ಕೂರುವ ಜಾಗಗಳು ಹೆಚ್ಚುತ್ತವೆ. ಒಂದು ಬಾಗಿಲು ತೆರೆಯುತ್ತದೆ, ಇನ್ನೊಂದು ಒಳಗೆ ನುಗ್ಗುತ್ತದೆ.

ಅಯ್ಯೋ, ಸಮಯ ಓಡುತ್ತಿದೆ. ಬೇಗ ಬೇಗ ಹೇಳಿಬಿಡುತ್ತೇನೆ. ಇಂಟರ್‌ಲ್ಯೂಕಿನ್-2 ಟಿ ಕಣಗಳ, ಅಂದರೆ ಗಡ್ಡೆಯ ಕೋಶಗಳನ್ನು ಕೊಲ್ಲಬಲ್ಲ ಒಂದು ಬಗೆಯ ಬಿಳಿ ರಕ್ತಕಣಗಳ, ಸಂಖ್ಯೆ ಹೆಚ್ಚಿಸುತ್ತದೆ. ಇಂಟರ್‌ಲ್ಯೂಕಿನ್-12 ಅದೇ ಕಣಗಳಿಂದ ಗಾಮಾ ಇಂಟರ್‌ಫೆರಾನ್ ಬಿಡಿಸುತ್ತದೆ. ಎರಡನ್ನೂ ಸೇರಿಸಿ ಕೊಟ್ಟಾಗ ಇಲಿಗಳ ಕಿಡ್ನಿ ಗಡ್ಡೆಗಳು ಪೂರ್ತಿ ಕರಗಿದ್ದೂ ಉಂಟು. ಇನ್ನು ಎಲ್ಲಿ ಕೊಡಬೇಕು ಅನ್ನುವ ಪ್ರಶ್ನೆ. ಮೈತುಂಬ ಹರಿಸಿದರೆ ಮೈಯೆಲ್ಲ ಉರಿ, ಆದ್ದರಿಂದ ಗಡ್ಡೆಗೇ ಚುಚ್ಚುವುದು. 2021ರಲ್ಲಿ ಜರ್ಮನಿಯ ಬಯೋಎನ್‌ಟೆಕ್ ತಂಡ ನಾಲ್ಕು ಸೈಟೊಕೈನುಗಳ ಎಂಆರ್‌ಎನ್‌ಎ ಬೆರೆಸಿ ಇಲಿಯ ಗಡ್ಡೆಗೆ ಚುಚ್ಚಿದ ಪ್ರಯೋಗವನ್ನು ಪ್ರಕಟಿಸಿತು. ಎಂಆರ್‌ಎನ್‌ಎ ಎಂದರೆ ಯಾವ ಪ್ರೋಟೀನು ತಯಾರಿಸಬೇಕು ಎಂದು ಜೀವಕೋಶಕ್ಕೆ ಹೇಳುವ ಚೀಟಿ. ಅಂದರೆ ಪ್ರೋಟೀನನ್ನು ಗಡ್ಡೆಯೇ ತಯಾರಿಸಿಕೊಳ್ಳಬೇಕು! ಚುಚ್ಚಿದ ಗಡ್ಡೆ ಕರಗಿತು. ಅದೇ ಇಲಿಯಲ್ಲಿ ಮುಟ್ಟದೆ ಬಿಟ್ಟಿದ್ದ ಇನ್ನೊಂದು ಗಡ್ಡೆಯ ಮೇಲೂ ಪರಿಣಾಮ ಕಾಣಿಸಿತು, ಏಕೆಂದರೆ ಒಂದು ಕಡೆ ಪಾಠ ಕಲಿತ ಟಿ ಕಣಗಳು ರಕ್ತದಲ್ಲಿ ಊರೆಲ್ಲ ಸುತ್ತುತ್ತವೆ. ನಾಲ್ಕು, ಕೇಳುಗರೇ, ಒಂದಲ್ಲ.

ಆ ನಾಲ್ಕರಲ್ಲಿ ಯಾವುದರ ಕೆಲಸ ಏನು ಎಂದು ಬರೆದುಕೊಂಡೇ ಬಂದಿದ್ದೆ. ನ್ಯೂಯಾರ್ಕಿನ ಇಲಿಗಳೇ ನನ್ನ ಸಮಯವನ್ನೆಲ್ಲ ತಿಂದುಹಾಕಿದವು. ನಮಸ್ಕಾರ.