ಲೆಕ್ಕ ಏರಿನಿಂದ ಶುರುವಾಗಲಿ

ಸ್ನೇಹಿತರೇ, ಇಲ್ಲಿ ಕುಳಿತವರಲ್ಲಿ ಬಹುತೇಕರು ನಂದಿ ಬೆಟ್ಟವನ್ನು ಸೈಕಲ್ಲಿನಲ್ಲಿ ಹತ್ತಿದವರು. ಚೈನ್‌ರಿಂಗ್ ಯಾವುದು, ಕ್ಯಾಸೆಟ್ ಯಾವುದು ಎಂದು ನಿಮಗೆ ವಿವರಿಸಬೇಕಾಗಿಲ್ಲ; ಹೊಸಬರಿಗೆ ಮಾತ್ರ ಹೇಳುತ್ತೇನೆ, ಪೆಡಲಿನ ಬಳಿಯ ಹಲ್ಲುಚಕ್ರ ಚೈನ್‌ರಿಂಗ್, ಹಿಂದಿನ ಚಕ್ರದ ಹಲ್ಲುಚಕ್ರಗಳ ಗೊಂಚಲು ಕ್ಯಾಸೆಟ್. ಹೊಸ ಸೈಕಲ್ ಕೊಳ್ಳುವಾಗ ನಾವೆಲ್ಲ ಮೊದಲು ಕೇಳುವುದು 'ದೊಡ್ಡ ರಿಂಗಿಗೆ ಎಷ್ಟು ಹಲ್ಲು?' ಎಂದು. ಕೇಳಬೇಕಾದದ್ದು ಚಿಕ್ಕ ರಿಂಗಿನ ಹಲ್ಲು, ಕ್ಯಾಸೆಟ್ಟಿನ ಅತಿ ದೊಡ್ಡ ಚಕ್ರದ ಹಲ್ಲು. ನಿಮ್ಮ ವೇಗ ಎಲ್ಲಿ ತೀರಾ ಕುಸಿಯುತ್ತದೋ ಅಲ್ಲಿಂದ ಲೆಕ್ಕ ಹಾಕಿ.

ಶೇಕಡಾ 8ರ ಏರು ಎನ್ನಿ. ಸವಾರ, ಸೈಕಲ್ ಸೇರಿ 80 ಕಿಲೋ. ಗಂಟೆಗೆ 10 ಕಿಲೋಮೀಟರ್ ವೇಗಕ್ಕೇ ಸುಮಾರು 185 ವ್ಯಾಟ್ ಬೇಕು. ಚಕ್ರ ಒಂದು ಸುತ್ತಿಗೆ 2.1 ಮೀಟರ್ ಉರುಳುತ್ತದೆ. ಮುಂದೆ 39, ಹಿಂದೆ 25 ಹಲ್ಲು ಇದ್ದರೆ ಈ ವೇಗದಲ್ಲಿ ಪೆಡಲ್ ತಿರುಗುವುದು ನಿಮಿಷಕ್ಕೆ 51 ಸುತ್ತು. ಮುಂದೆ 34, ಹಿಂದೆ 32 ಹಾಕಿದರೆ 75 ಸುತ್ತು. ವೇಗವೂ ಅದೇ, ವ್ಯಾಟೂ ಅದೇ. ಆದರೆ ಪ್ರತಿ ತುಳಿತದಲ್ಲಿ ಮೊಣಕಾಲಿನ ಮೇಲೆ ಬೀಳುವ ಒತ್ತಡ ಸುಮಾರು ಮೂರನೇ ಒಂದರಷ್ಟು ಇಳಿಯುತ್ತದೆ. ಈ ಒಂದು ಲೆಕ್ಕಕ್ಕಾಗಿಯೇ ನಾನು ಇಂದು ಬಂದಿದ್ದೇನೆ.

ಆದರೂ 'ಚಿಕ್ಕ ಗೇರು ದುರ್ಬಲರಿಗೆ' ಎಂಬ ಮಾತು ಸಾಯುವುದಿಲ್ಲ. ಅದರ ಆಯುಷ್ಯ ಬಹಳ ದೊಡ್ಡದು. 1902ರಲ್ಲಿ ಫ್ರಾನ್ಸಿನ ಟೂರಿಂಗ್ ಕ್ಲಬ್ ಗುಡ್ಡಗಾಡಿನ 240 ಕಿಲೋಮೀಟರ್ ದಾರಿಯಲ್ಲಿ ಒಂದು ಪರೀಕ್ಷೆ ಏರ್ಪಡಿಸಿತು. ಒಂದೇ ಗೇರಿನ ಸೈಕಲ್ ಏರಿದವನು ಎಡ್ವಾರ್ ಫಿಶರ್ ಎಂಬ ಹೆಸರಾಂತ ಸವಾರ. ಮೂರು ಗೇರಿನ ಸೈಕಲ್ ಏರಿದವಳು ಮಾರ್ಥ್ ಹೆಸ್. ಆಕೆ ಗೆದ್ದಳು. ಗೆದ್ದದ್ದಷ್ಟೇ ಅಲ್ಲ, ಇಡೀ ದಾರಿಯಲ್ಲಿ ಒಮ್ಮೆಯೂ ಕಾಲು ನೆಲಕ್ಕೆ ಊರಲಿಲ್ಲವಂತೆ! ಪತ್ರಿಕೆ ನಡೆಸುತ್ತಿದ್ದ ಆನ್ರಿ ದೆಗ್ರಾಂಜ್ ಇದನ್ನೆಲ್ಲ ಬಲ್ಲವನೇ. ಆದರೂ ಬದಲಾಗುವ ಗೇರುಗಳು 45 ವರ್ಷ ದಾಟಿದವರಿಗೆ ಮಾತ್ರ, ಸ್ನಾಯುಬಲದಿಂದ ಗೆಲ್ಲುವುದೇ ಗೆಲುವು ಎಂದು ಬರೆದ. ಮರುವರ್ಷ ಟೂರ್ ದ ಫ್ರಾನ್ಸ್ ಆರಂಭಿಸಿದವನು ಇವನೇ. ಆ ಸ್ಪರ್ಧೆಯಲ್ಲಿ ಡಿರೇಲರ್, ಅಂದರೆ ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಸರಿಸುವ ಸಾಧನ, ಬಳಸಲು ಎಲ್ಲರಿಗೂ ಅನುಮತಿ ಸಿಕ್ಕಿದ್ದು 1937ರಲ್ಲಿ. ಅಲ್ಲಿಯವರೆಗೆ ಆಲ್ಪ್ಸ್ ಬುಡದಲ್ಲಿ ಸವಾರರು ಇಳಿದು, ಹಿಂದಿನ ಚಕ್ರವನ್ನೇ ಬಿಚ್ಚಿ, ಹಿಂದುಮುಂದು ತಿರುಗಿಸಿ, ಆ ಬದಿಯ ದೊಡ್ಡ ಹಲ್ಲುಚಕ್ರಕ್ಕೆ ಚೈನು ಏರಿಸಿ ಹೊರಡಬೇಕಿತ್ತು. ಚಳಿಯಲ್ಲಿ ಮರಗಟ್ಟಿದ ಬೆರಳುಗಳಲ್ಲಿ ಚಕ್ರದ ನಟ್ಟು ಸಡಿಲಿಸುವ ಕಷ್ಟವನ್ನು ಒಮ್ಮೆ ಯೋಚಿಸಿ. ಒಬ್ಬನ ಹಟಕ್ಕೆ ಎಷ್ಟು ಮಂದಿಯ ಕಾಲು ಸವೆಯಿತು! ಇಂದು ನಮ್ಮ ಕೈಯಲ್ಲಿ ಆಯ್ಕೆ ಇದೆ, ಆದರೆ ಕೊಳ್ಳುವಾಗ ಕಿವಿಯಲ್ಲಿ ದೆಗ್ರಾಂಜನ ದನಿಯೇ ಕೇಳುತ್ತದೆ.

'ಹಾಗಾದರೆ ಇಳಿಜಾರಿನಲ್ಲಿ ಗೇರು ಸಾಲದಾಗುತ್ತದಲ್ಲ?' ಎಂದು ಮುಂದಿನ ಸಾಲಿನಿಂದ ಕೇಳುತ್ತಿದ್ದೀರಿ. ಇಲ್ಲ. ಮುಂದಿನ 50ಕ್ಕೆ ಹಿಂದೆ 11 ಹಾಕಿದರೆ ಅದು 53ಕ್ಕೆ 12 ಹಾಕಿದ್ದಕ್ಕಿಂತ ದೊಡ್ಡ ಗೇರು. ನಿಮಿಷಕ್ಕೆ 90 ಸುತ್ತು ತುಳಿದರೆ ಗಂಟೆಗೆ 51 ಕಿಲೋಮೀಟರ್ ದಾಟುತ್ತೀರಿ. ಅದಕ್ಕೂ ವೇಗವಾದ ಇಳಿಜಾರಿನಲ್ಲಿ ಪೆಡಲ್ ನಿಲ್ಲಿಸಿ, ಬೆನ್ನು ಬಾಗಿಸಿ, ಬ್ರೇಕಿನ ಮೇಲೆ ಬೆರಳಿಟ್ಟಿರಿ.

ಮುಂದೆ 50 ಮತ್ತು 34 ಹಲ್ಲಿನ ಎರಡು ರಿಂಗ್, ಅಂದರೆ 50/34, ಇದಕ್ಕೆ ಒಂದು ದೋಷವಿದೆ, ಮುಚ್ಚಿಡುವುದಿಲ್ಲ. ದೊಡ್ಡ ರಿಂಗಿನಿಂದ ಇಳಿದಾಗ ಒಮ್ಮೆಗೇ 16 ಹಲ್ಲು ಕುಸಿದು ಕಾಲು ಗಾಳಿಯಲ್ಲಿ ತಿರುಗಿದಂತಾಗುತ್ತದೆ; ಕೂಡಲೇ ಹಿಂದೆ ಎರಡು ಮೂರು ಗೇರು ಸರಿಪಡಿಸಬೇಕು. ಗುಂಪಿನಲ್ಲಿ ವೇಗವಾಗಿ ಓಡಿಸುವವರಿಗೆ 52/36 ಇದೆ. ಆದರೆ ಅವರೂ ಹಿಂದೆ 32 ಅಥವಾ 34 ಇಟ್ಟುಕೊಳ್ಳಲಿ. ಮತ್ತೆ ಹೇಳುತ್ತೇನೆ, ಲೆಕ್ಕ ಏರಿನಿಂದ.

ಸಮಯ ಮುಗಿಯಿತೆಂದು ಚೀಟಿ ಬಂದಿದೆ. ಈಜು, ಸೈಕಲ್, ಓಟ ಸೇರಿದ ಟ್ರಯಥ್ಲಾನಿನ ಅರ್ಧ ದೂರದ ಸ್ಪರ್ಧೆಗೆ ಇಳಿಯುವವರಿಗೆ ಎರಡೇ ಮಾತು. 90 ಕಿಲೋಮೀಟರ್ ತುಳಿದ ಮೇಲೆ ನಿಮಗೆ 21.1 ಕಿಲೋಮೀಟರ್ ಓಟ ಕಾದಿದೆ, ಆದ್ದರಿಂದ ಭಾರದ ಗೇರಿನಲ್ಲಿ ತೊಡೆ ದಣಿಸಬೇಡಿ. ಸಮತಟ್ಟಾದ ದಾರಿಗೆ ಮುಂದೆ ಒಂದೇ ರಿಂಗ್ ಸಾಕು, ಏರಿದ್ದರೆ ಬೇಡ.

ಹಳೆಯ ಕ್ರ್ಯಾಂಕಿನವರು, ಅಂದರೆ ಹಳೆಯ ಪೆಡಲ್ ತೋಳಿನವರು, ಗಮನಿಸಿ: ರಿಂಗ್ ಹಿಡಿಯುವ ಬೋಲ್ಟುಗಳ ವೃತ್ತದ ವ್ಯಾಸ 130 ಮಿಲಿಮೀಟರ್ ಇದ್ದರೆ 38ಕ್ಕಿಂತ ಚಿಕ್ಕ ರಿಂಗ್ ಕೂರುವುದಿಲ್ಲ, 34ಕ್ಕೆ 110ರ ಕ್ರ್ಯಾಂಕ್ ಬೇಕು. ಇನ್ನು ಹಿಂದಿನ ಡಿರೇಲರ್. 50/34ರ ಜೊತೆ ಹಿಂದೆ 11ರಿಂದ 32 ಹಲ್ಲಿನ ಕ್ಯಾಸೆಟ್ ಹಾಕುವುದಾದರೆ ಮುಂದಿನ ವ್ಯತ್ಯಾಸ 16, ಹಿಂದಿನದು 21, ಒಟ್ಟು 37. ಅಷ್ಟು ಚೈನು ಎಳೆದುಕೊಳ್ಳುವ ಸಾಮರ್ಥ್ಯ ನಿಮ್ಮ ಡಿರೇಲರಿಗಿದೆಯೇ, 32ರ ಚಕ್ರ ಅದಕ್ಕೆ ಹೊಂದುತ್ತದೆಯೇ ಎಂದು ತಯಾರಕರ ಪಟ್ಟಿಯಲ್ಲಿ ನೋಡಿಕೊಂಡು ಆಮೇಲೆ ಹಣ ಕೊಡಿ.