ಮುಟ್ಟು ನಿಂತ ಮೇಲೆ ಹೆಣ್ಣಿನ ಹೃದಯ

ಕೇಳುಗರೆಲ್ಲರಿಗೂ ನಮಸ್ಕಾರ.

ಹಾರ್ಟ್ ಅಟ್ಯಾಕ್ ಅಂದ ಕೂಡಲೇ ನಮ್ಮ ಕಣ್ಣ ಮುಂದೆ ಬರುವುದು ಗಂಡಸು, ಅಲ್ವಾ? ಅದು ಪೂರ್ತಿ ಸುಳ್ಳೇನಲ್ಲ. ಹೃದಯದ ರಕ್ತನಾಳದ ಕಾಯಿಲೆ ಹೆಂಗಸರಿಗೆ ಸುಮಾರು 7ರಿಂದ 10 ವರ್ಷ ತಡವಾಗಿ ಬರುತ್ತದೆ. ತಡವಾಗಿ ಬರುತ್ತದೆ, ಅಷ್ಟೆ. ಬರುವುದೇ ಇಲ್ಲ ಅಂತ ಯಾರೂ ನಂಬಿ ಕೂರಬಾರದು.

ಈ ತಡ ಎಲ್ಲಿಂದ ಬಂತು? ಅಮೆರಿಕದ ಫ್ರಾಮಿಂಗ್‌ಹ್ಯಾಮ್ ಅನ್ನುವ ಊರಿನಲ್ಲಿ 1948ರಿಂದ ಸಾವಿರಾರು ಜನರ ಹೃದಯದ ಆರೋಗ್ಯವನ್ನು ಬಿಡದೆ ಗಮನಿಸುತ್ತಾ ಬಂದಿದ್ದಾರೆ. ಅಲ್ಲಿನ 2,873 ಹೆಂಗಸರ 24 ವರ್ಷದ ಲೆಕ್ಕ 1976ರಲ್ಲಿ ಹೊರಬಂತು. ಮುಟ್ಟು ಇನ್ನೂ ನಿಲ್ಲದವರಲ್ಲಿ ಒಬ್ಬರಿಗೂ ಹಾರ್ಟ್ ಅಟ್ಯಾಕ್ ಆಗಿರಲಿಲ್ಲ. ಮುಟ್ಟು ನಿಂತವರಲ್ಲಿ ಆಗಿತ್ತು. ಇವತ್ತು ನಮ್ಮಲ್ಲಿ ಅಷ್ಟು ನಿಶ್ಚಿಂತೆಯಿಂದ ಇರೋಕೆ ಆಗುವುದಿಲ್ಲ. ಸಕ್ಕರೆ ಕಾಯಿಲೆ ಬಂದರೆ ಹೆಣ್ಣಿಗಿರುವ ಈ ಅನುಕೂಲ ಬಹುಪಾಲು ಹೊರಟೇ ಹೋಗುತ್ತದೆ.

ಅಂಡಾಶಯದಲ್ಲಿ ತಯಾರಾಗುವ ಈಸ್ಟ್ರೊಜೆನ್ ಅನ್ನುವ ಹಾರ್ಮೋನು ರಕ್ತದ ಜೊತೆ ಮೈಯೆಲ್ಲ ಓಡಾಡುತ್ತದೆ. ರಕ್ತನಾಳದ ಒಳಪದರ ಅದರಿಂದ ನೈಟ್ರಿಕ್ ಆಕ್ಸೈಡ್ ಬಿಡುತ್ತದೆ, ನಾಳ ಸಡಿಲವಾಗಿ ಅಗಲವಾಗುತ್ತದೆ. ಲಿವರ್ ಕೂಡ ಕೆಟ್ಟ ಕೊಲೆಸ್ಟರಾಲನ್ನು ರಕ್ತದಿಂದ ಜಾಸ್ತಿ ಎಳೆದುಕೊಳ್ಳುತ್ತದೆ. ಮುಟ್ಟು ನಿಂತ ಮೇಲೆ ಈ ಈಸ್ಟ್ರೊಜೆನ್ ತೀರಾ ಕಡಿಮೆಯಾಗುತ್ತದೆ.

ಗಂಡಸರ ಮೈಯಲ್ಲೂ ಈಸ್ಟ್ರೊಜೆನ್ ಇದೆ. ಟೆಸ್ಟೊಸ್ಟಿರಾನ್‌ನಿಂದಲೇ ಅದು ಸ್ವಲ್ಪ ಸ್ವಲ್ಪ ತಯಾರಾಗುತ್ತದೆ. 1994ರಲ್ಲಿ 28 ವರ್ಷದ ಒಬ್ಬ ಯುವಕನ ವಿಷಯ ವೈದ್ಯಲೋಕಕ್ಕೆ ಗೊತ್ತಾಯಿತು. ಆ ವಯಸ್ಸಿನಲ್ಲೂ ಆತ ಎತ್ತರ ಬೆಳೆಯುತ್ತಲೇ ಇದ್ದ. ರಕ್ತದಲ್ಲಿ ಈಸ್ಟ್ರೊಜೆನ್‌ಗೆ ಏನೂ ಕೊರತೆ ಇರಲಿಲ್ಲ. ಆದರೆ ಅದನ್ನು ಗುರುತಿಸಬೇಕಾದ ರಿಸೆಪ್ಟರ್ ಹುಟ್ಟಿನಿಂದಲೇ ಕೆಟ್ಟಿತ್ತು. ಹಾರ್ಮೋನು ಇದ್ದೂ ಮೈಗೆ ಅದರ ಸುಳಿವೇ ಸಿಗುತ್ತಿರಲಿಲ್ಲ. ಇನ್ನೂ 31 ವರ್ಷಕ್ಕೇ ಆತನ ಹೃದಯದ ನಾಳದಲ್ಲಿ ಕ್ಯಾಲ್ಸಿಯಂ ಕಟ್ಟಿದ್ದು ಸ್ಕ್ಯಾನ್‌ನಲ್ಲಿ ಕಂಡಿತು. ಒಬ್ಬನ ಕಥೆಯಿಂದ ಎಲ್ಲ ತೀರ್ಮಾನ ಮಾಡುವ ಹಾಗಿಲ್ಲ. ಆದರೂ ಈಸ್ಟ್ರೊಜೆನ್ ಸುಮ್ನೆ ಹೆರಿಗೆ, ಮುಟ್ಟಿನ ಹಾರ್ಮೋನು ಅಲ್ಲ ಅಂತ ನನಗೆ ಇದಕ್ಕಿಂತ ಚೆನ್ನಾಗಿ ತೋರಿಸಿಕೊಟ್ಟ ಇನ್ನೊಂದು ಕೇಸ್ ಇಲ್ಲ.

ಹಾಗಾದರೆ ಮಾತ್ರೆ ಕೊಟ್ಟುಬಿಟ್ಟರೆ ಆಯಿತಲ್ಲ ಅಂತ ನಿಮಗೆ ಅನ್ನಿಸಬಹುದು. ಡಾಕ್ಟರುಗಳಿಗೂ ಹಾಗೇ ಅನ್ನಿಸಿತ್ತು. ಹೃದಯದ ಕಾಯಿಲೆ ಇದ್ದ ಗಂಡಸರಿಗೆ 1960ರ ದಶಕದಲ್ಲಿ ಈಸ್ಟ್ರೊಜೆನ್ ಕೊಟ್ಟು ನೋಡಿದರು. ಹೆಚ್ಚು ಡೋಸ್ ಪಡೆದವರಲ್ಲಿ ಹಾರ್ಟ್ ಅಟ್ಯಾಕ್ ಜಾಸ್ತಿಯೇ ಆಯಿತು, ನಿಲ್ಲಿಸಿದರು. ಆಮೇಲೆ ವಿಮೆನ್ಸ್ ಹೆಲ್ತ್ ಇನಿಶಿಯೇಟಿವ್ ಅನ್ನುವ ದೊಡ್ಡ ಪರೀಕ್ಷೆಯಲ್ಲಿ, ಮುಟ್ಟು ನಿಂತ 16,608 ಹೆಂಗಸರಲ್ಲಿ ಅರ್ಧದಷ್ಟು ಜನರಿಗೆ ಈಸ್ಟ್ರೊಜೆನ್ ಮತ್ತು ಪ್ರೊಜೆಸ್ಟಿನ್ ಅನ್ನುವ ಇನ್ನೊಂದು ಹಾರ್ಮೋನು ಸೇರಿದ ಮಾತ್ರೆ ಕೊಟ್ಟರು. 2002ರ ಜುಲೈನಲ್ಲಿ ಅದನ್ನೂ ಅವಧಿಗೆ ಮೊದಲೇ ನಿಲ್ಲಿಸಬೇಕಾಯಿತು. ಸ್ತನ ಕ್ಯಾನ್ಸರ್ ಹೆಚ್ಚಿತ್ತು. ಹೃದಯಕ್ಕೂ ಒಳ್ಳೆಯದಾಗಿರಲಿಲ್ಲ. ವರ್ಷಕ್ಕೆ 10,000 ಹೆಂಗಸರಲ್ಲಿ 7 ಜನರಿಗೆ ಹೆಚ್ಚಾಗಿ ಹೃದಯದ ತೊಂದರೆಯಾಗಿತ್ತು.

ಏಕೆ ಹೀಗೆ? ಅಲ್ಲಿದ್ದವರ ಸರಾಸರಿ ವಯಸ್ಸು 63. ಆ ಹೊತ್ತಿಗೆ ಎಷ್ಟೋ ಜನರ ನಾಳದಲ್ಲಿ ಕೊಬ್ಬು ಕೂತಾಗಿರುತ್ತದೆ. 2016ರಲ್ಲಿ ಪ್ರಕಟವಾದ ಎಲೈಟ್ ಅನ್ನುವ ಪರೀಕ್ಷೆಯಲ್ಲಿ, ಮುಟ್ಟು ನಿಂತು 6 ವರ್ಷದ ಒಳಗೆ ಈಸ್ಟ್ರೊಜೆನ್ ಶುರು ಮಾಡಿದವರ ಕುತ್ತಿಗೆಯ ರಕ್ತನಾಳ ದಪ್ಪವಾಗುವುದು ನಿಧಾನವಾಯಿತು. 10 ವರ್ಷ ಕಳೆದ ಮೇಲೆ ಶುರು ಮಾಡಿದವರಿಗೆ ಆ ಲಾಭ ಸಿಗಲಿಲ್ಲ. ಹಾಗಿದ್ದರೂ ಬರೀ ಹೃದಯ ಕಾಪಾಡೋಕೆ ಅಂತ ಇವತ್ತು ಈ ಮಾತ್ರೆ ಬರೆದುಕೊಡುವುದಿಲ್ಲ. ಮುಖ್ಯವಾಗಿ ಮೈ ಬಿಸಿಯೇರುವುದು, ರಾತ್ರಿ ಬೆವರುವುದು ತಡೆಯೋಕೆ ಆಗದಿದ್ದರೆ, ನೋಡಿ ಮಾಡಿ ಕೊಡುತ್ತಾರೆ. ಆದರೆ 40 ತುಂಬುವ ಮೊದಲೇ ಮುಟ್ಟು ನಿಂತವರ ಮಾತು ಬೇರೆ. ಅವರು ಸ್ತ್ರೀರೋಗ ತಜ್ಞರನ್ನು ಕಂಡು ಕೇಳಲೇಬೇಕು.

ಇಲ್ಲೇ ನನಗೆ ತುಂಬಾ ನೋವಾಗುವ ವಿಷಯ ಬರುತ್ತದೆ. ನಮ್ಮ ಕಲಬುರಗಿ ಕಡೆಯ ತಾಂಡಾಗಳಲ್ಲಿ ಎಳೆಯ ವಯಸ್ಸಿನ ಹೆಂಗಸರ ಗರ್ಭಕೋಶ ತೆಗೆದದ್ದು ದೊಡ್ಡ ಸುದ್ದಿಯಾಗಿತ್ತು. ಬಿಳಿ ಹೋಗುತ್ತದೆ, ಹೊಟ್ಟೆ ನೋವು ಅಂತ ಹೋದವರು ಗರ್ಭಕೋಶ ಕಳೆದುಕೊಂಡು ಬಂದರು. ಮಕ್ಕಳಾಯಿತಲ್ಲ, ಇನ್ನೇನಕ್ಕೆ ಬೇಕು ಅನ್ನುವ ಮಾತು ಎಲ್ಲ ಜಿಲ್ಲೆಯಲ್ಲೂ ಕಿವಿಗೆ ಬೀಳುತ್ತದೆ. ಬೇಕು. ಗರ್ಭಕೋಶದ ಜೊತೆ ಎರಡೂ ಅಂಡಾಶಯ ತೆಗೆದರೆ 35 ವರ್ಷದವಳಿಗೂ ಅವತ್ತೇ ಅಂಡಾಶಯದ ಈಸ್ಟ್ರೊಜೆನ್ ನಿಂತುಹೋಗುತ್ತದೆ. ಹೃದಯದ ಕಾಯಿಲೆಯ ಅಪಾಯವೂ ಬೇಗ ಶುರುವಾಗುತ್ತದೆ. ಅಂಡಾಶಯ ಉಳಿಸಿದರೂ ಅದರ ಕೆಲಸ ಕೆಲವರಲ್ಲಿ ಬೇಗ ನಿಲ್ಲುತ್ತದೆ. ಕ್ಯಾನ್ಸರ್, ನಿಲ್ಲದ ರಕ್ತಸ್ರಾವ, ಇಂಥ ಕಾರಣವಿದ್ದರೆ ಆಪರೇಷನ್ ಬೇಕೇ ಬೇಕು. ಇಲ್ಲದಿದ್ದರೆ ಇನ್ನೊಬ್ಬ ಡಾಕ್ಟರನ್ನು ಕೇಳಿ.

ಇನ್ನೊಂದು ಮಾತು. ಹೆಂಗಸರಿಗೂ ಎದೆನೋವೇ ಮುಖ್ಯ ಲಕ್ಷಣ. ಆದರೆ ಅದರ ಜೊತೆ ಏದುಸಿರು, ವಿಪರೀತ ಸುಸ್ತು, ವಾಕರಿಕೆ, ದವಡೆ ಅಥವಾ ಬೆನ್ನು ನೋವು ಅವರಲ್ಲಿ ಹೆಚ್ಚು. ಗ್ಯಾಸ್ಟ್ರಿಕ್ ಇರಬೇಕು ಅಂತ ಜೀರಿಗೆ ಕಷಾಯ ಕುಡಿದು ಮಲಗಬೇಡಿ. 108ಕ್ಕೆ ಫೋನ್ ಮಾಡಿ, ಇಸಿಜಿ ಮಾಡಿಸಿ.

ಆಪರೇಷನ್ ಆದವರು ಮನೆಯಲ್ಲಿರುವ ಡಿಸ್ಚಾರ್ಜ್ ಕಾರ್ಡ್ ತೆಗೆದು ಓದಿಸಿ. ಅಂಡಾಶಯ ಉಳಿಸಿದ್ದಾರೋ ತೆಗೆದಿದ್ದಾರೋ ಅದರಲ್ಲಿ ಇರಬೇಕು. ಮುಟ್ಟು ಯಾವ ವಯಸ್ಸಿಗೆ ನಿಂತಿತು, ಬಸುರಿಯಾಗಿದ್ದಾಗ ಬಿಪಿ, ಶುಗರ್ ಬಂದಿತ್ತಾ, ಇವನ್ನೂ ಮುಂದಿನ ಸಲ ಬಿಪಿ ತೋರಿಸೋಕೆ ಹೋದಾಗ ಡಾಕ್ಟರಿಗೆ ಹೇಳಿ. ಅವರು ಕೇಳದಿದ್ದರೂ ನೀವಾಗಿಯೇ ಹೇಳಿ.

ನಮಸ್ಕಾರ.