ಕೊಪ್ಪರಿಗೆಯ ಬಿಸಿ, ಕಬ್ಬಿನ ಸಕ್ಕರೆ

ಕೇಳುಗರೆಲ್ಲರಿಗೂ ನಮಸ್ಕಾರ.

ಮಂಡ್ಯದ ಕಡೆ ಆಲೆಮನೆಗೆ ಹೋದವರು ಇದನ್ನು ನೋಡಿರುತ್ತೀರಿ. ಗಾಣದಿಂದ ಬಂದ ಕಬ್ಬಿನ ಹಾಲು ಕೊಪ್ಪರಿಗೆಯಲ್ಲಿ ಕಾಯುತ್ತಿರುತ್ತದೆ. ಬೆಲ್ಲ ಮಾಡುವವರು ಅದಕ್ಕೆ ಒಂದಿಷ್ಟು ಸುಣ್ಣ ಹಾಕುತ್ತಾರೆ. ಕೊಳೆ ತೆಗೆಯೋದಕ್ಕೆ ಅಂದುಕೊಳ್ಳುತ್ತೇವೆ. ಅದೂ ಹೌದು. ಆದರೆ ಕಬ್ಬಿನ ಹಾಲಿನಲ್ಲಿ ಸ್ವಲ್ಪ ಹುಳಿ ಇರುತ್ತದಲ್ವಾ, ಸುಣ್ಣ ಅದನ್ನೂ ತಗ್ಗಿಸುತ್ತದೆ. ಹುಳಿಗೆ ಸಿಕ್ಕ ಸಕ್ಕರೆ ಒಡೆದು ಗ್ಲೂಕೋಸ್, ಫ್ರಕ್ಟೋಸ್ ಆಗುತ್ತದೆ. ಅದು ಜಾಸ್ತಿಯಾದರೆ ಅಚ್ಚಿಗೆ ಹುಯ್ದ ಬೆಲ್ಲ ಗಟ್ಟಿಯಾಗುವುದಿಲ್ಲ, ಮೆತ್ತಗೆ ಜಿನುಗುತ್ತದೆ.

ಹಾಲು ತಣ್ಣಗಿದ್ದಾಗ ಹುಳಿಯ ಈ ಕೆಲಸ ಬಲು ನಿಧಾನ. ಒಲೆ ಉರಿದರೆ ಅದಕ್ಕೆ ವೇಗ ಬರುತ್ತದೆ.

1889ರಲ್ಲಿ ಸ್ವೀಡನ್ನಿನ ವಿಜ್ಞಾನಿ ಸ್ವಾಂಟೆ ಅರೇನಿಯಸ್ ತಲೆಕೆಡಿಸಿಕೊಂಡದ್ದು ಇದೇ ಸಕ್ಕರೆಯ ಬಗ್ಗೆ. ಬಿಸಿಯಾದರೆ ಕ್ರಿಯೆ ಜೋರಾಗುತ್ತದೆ, ಅದು ಮೊದಲೇ ಗೊತ್ತಿತ್ತು. ಇಷ್ಟೊಂದು ಜೋರು ಏಕೆ ಅನ್ನೋದೇ ಪ್ರಶ್ನೆ. 25 ಡಿಗ್ರಿಯಿಂದ 35ಕ್ಕೆ ಏರಿಸಿ ನೋಡಿ. ಅಣುಗಳ ಓಟ ಹೆಚ್ಚುವುದು ನೂರಕ್ಕೆ 2ಕ್ಕಿಂತಲೂ ಕಡಿಮೆ. ಆದರೆ ಎಷ್ಟೋ ಕ್ರಿಯೆಗಳ ವೇಗ ಎರಡರಷ್ಟಾಗುತ್ತದೆ. ಹುಳಿಯಲ್ಲಿ ಸಕ್ಕರೆ ಒಡೆಯುವುದಂತೂ ಸುಮಾರು ನಾಲ್ಕು ಪಟ್ಟು!

ಇದಕ್ಕೆ ಸಿಕ್ಕ ಉತ್ತರ ನನಗೆ ತುಂಬಾ ಇಷ್ಟ. ಎಲ್ಲ ಅಣುಗಳೂ ಒಡೆಯುವುದಿಲ್ಲ. ಒಂದು ಮಟ್ಟ ಮೀರಿ ಶಕ್ತಿ ಇರುವ ಕೆಲವು ಮಾತ್ರ ಒಡೆಯುತ್ತವೆ. ಮಾವಿನ ಮರದ ಕೆಳಗೆ ನೂರು ಮಕ್ಕಳು ಹಾರುತ್ತಿದ್ದಾರೆ ಅಂದುಕೊಳ್ಳಿ. ಕಾಯಿ ಎಟುಕುವುದು ಒಬ್ಬರಿಗೋ ಇಬ್ಬರಿಗೋ. ಎಲ್ಲರೂ ಬರೀ ಎರಡು ಬೆರಳಷ್ಟು ಎತ್ತರವಾದರೆ? ಕೂಟ ನೋಡೋಕೆ ಹಾಗೇ ಇರುತ್ತದೆ. ಕಾಯಿ ಕೀಳುವವರು ಮಾತ್ರ ಐದಾರು ಮಂದಿ ಆಗಿಬಿಡುತ್ತಾರೆ. ಬಿಸಿ ಮಾಡುವ ಕೆಲಸವೂ ಅಷ್ಟೇ. ಸುಮ್ನೆ ಡಿಕ್ಕಿ ಜಾಸ್ತಿಯಾಗುವುದಲ್ಲ, ಎಟುಕುವವರು ಜಾಸ್ತಿಯಾಗುವುದು.

ಮನೆಯ ಕುಕ್ಕರಿನಲ್ಲೂ ಇದೇ ನಡೆಯುತ್ತದೆ. ತೆರೆದ ಪಾತ್ರೆಯಲ್ಲಿ ನೀರು 100 ಡಿಗ್ರಿ ದಾಟುವುದಿಲ್ಲ. ಕುಕ್ಕರಿನೊಳಗೆ ಒತ್ತಡದಿಂದ ಸುಮಾರು 120 ಮುಟ್ಟುತ್ತದೆ. ಆ 20 ಡಿಗ್ರಿಯಿಂದಲೇ ತೊಗರಿಬೇಳೆ ಅಷ್ಟು ಬೇಗ ಕರಗುವುದು.

ಮತ್ತೆ ಆಲೆಮನೆಗೆ ಬರೋಣ. ಬೆಲ್ಲದ ಪಾಕ ಹದಕ್ಕೆ ಬರುವ ಹೊತ್ತಿಗೆ 118 ಡಿಗ್ರಿ ಆಸುಪಾಸು ಇರುತ್ತದೆ. ಅಲ್ಲಿ ಒಂದೊಂದು ನಿಮಿಷವೂ ಲೆಕ್ಕ. ಹದ ನೋಡುವವರು ಒಂದು ತೊಟ್ಟು ಪಾಕವನ್ನು ತಣ್ಣೀರಿಗೆ ಬಿಟ್ಟು, ಬೆರಳಲ್ಲಿ ಉಂಡೆ ಕಟ್ಟಿ ನೋಡುತ್ತಾರೆ. ಉಂಡೆ ನಿಂತಿತೋ, ಕೂಗು ಹಾಕುತ್ತಾರೆ. ನಾಲ್ಕು ಜನ ಓಡಿಬಂದು ಕೊಪ್ಪರಿಗೆ ಇಳಿಸುತ್ತಾರೆ.

ನಮಸ್ಕಾರ.